ಆಟದ ಕಂಪ್ಯೂಟರಿಗೆ ಎಷ್ಟು ತಿರುಳು ಬೇಕು?

2004ರ ಅಕ್ಟೋಬರ್ ತಿಂಗಳಿನಲ್ಲಿ, ಅಮೆರಿಕದ ಒರ್ಲ್ಯಾಂಡೊ ನಗರದಲ್ಲಿ ನಡೆದ ಒಂದು ಸಮ್ಮೇಳನದಲ್ಲಿ, ಇಂಟೆಲ್ ಸಂಸ್ಥೆಯ ಅಂದಿನ ಮುಖ್ಯಾಧಿಕಾರಿ ಕ್ರೇಗ್ ಬ್ಯಾರೆಟ್ ವೇದಿಕೆಯ ಮೇಲೆಯೇ ಮಂಡಿಯೂರಿ ಸಭಿಕರ ಕ್ಷಮೆ ಕೇಳಿದರು. ವಿನೋದಕ್ಕಾಗಿ ಮಾಡಿದ ಅಭಿನಯವೇ ಹೌದು. ಆದರೆ ಅದರ ಹಿಂದಿದ್ದ ಸಂಗತಿ ವಿನೋದದ್ದಾಗಿರಲಿಲ್ಲ. ನಾಲ್ಕು ಗಿಗಾಹರ್ಟ್ಜ್ ವೇಗದ ಪೆಂಟಿಯಂ 4 ಪ್ರೊಸೆಸರನ್ನು ಹೊರತರುವುದಾಗಿ ಸಂಸ್ಥೆ ಜಗತ್ತಿಗೆ ಮಾತು ಕೊಟ್ಟಿತ್ತು. ಅದನ್ನು ನಡೆಸಿಕೊಡಲಾಗದೆ ಅದೇ ತಿಂಗಳು ಆ ಯೋಜನೆಯನ್ನೇ ಕೈಬಿಟ್ಟಿತು. ಮೂರು ದಶಕಗಳ ಕಾಲ ವೇಗವನ್ನು ಮಾರುತ್ತ ಬಂದಿದ್ದ ಉದ್ಯಮ ಆ ದಾರಿಯ ಕೊನೆಗೆ ಬಂದು ನಿಂತಿತ್ತು. ಅಲ್ಲಿಂದ ಮುಂದೆ ಪೇಟೆಗೆ ಬಂದ ಸರಕೇ ಬೇರೆ. ಎರಡು ಕೋರ್, ನಾಲ್ಕು ಕೋರ್, ಎಂಟು ಕೋರ್, ಹದಿನಾರು ಕೋರ್...

ಕೋರ್ ಎಂದರೆ ತಿರುಳು. ಹಲಸಿನ ತೊಳೆಯಂತೆ ಒಂದೇ ಸಿಲಿಕಾನ್ ಬಿಲ್ಲೆಯೊಳಗೆ ಅಡಗಿರುವ, ತಾನೇ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಘಟಕ. ಶೀರ್ಷಿಕೆಯಲ್ಲಿ ಕನ್ನಡದ ಮಾತನ್ನು ಬಳಸಿದೆನಾದರೂ ಅಂಗಡಿಯಲ್ಲಿಯೂ ಮನೆಯಲ್ಲಿಯೂ ನಡೆಯುವ ಮಾತು ಕೋರ್ ಎಂಬುದೇ ಆದ್ದರಿಂದ ಮುಂದೆ ಅದನ್ನೇ ಬಳಸುತ್ತೇನೆ.

ಗಣಿತ ಕಲಿಸಿ ನಿವೃತ್ತನಾದವನಿಗೆ ಈ ವಿಷಯವೇಕೆ ಎಂದು ಓದುಗ ಮಿತ್ರರು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಒಂದು ಸಣ್ಣ ಕಿರಾಣಿ ಅಂಗಡಿಯ ಯಜಮಾನ, ತನ್ನ ಮಗನ ಆಟದ ಕಂಪ್ಯೂಟರನ್ನು ಮೇಲ್ದರ್ಜೆಗೆ ಏರಿಸುವ ವಿಚಾರವಾಗಿ ನನ್ನ ಅಭಿಪ್ರಾಯ ಕೇಳಿದ. ಹುಡುಗನ ಬಳಿ ಇದ್ದದ್ದು 2018ರ ಆರು ಕೋರ್‌ಗಳ ಪ್ರೊಸೆಸರ್. ಮಾರುವವರು ಹದಿನಾರು ಕೋರ್‌ಗಳದನ್ನು ಕೊಳ್ಳಿ, ಹತ್ತು ವರ್ಷ ನಿಶ್ಚಿಂತೆ ಎಂದಿದ್ದರಂತೆ. ಅದಕ್ಕೆ ಹೊಸ ಮದರ್‌ಬೋರ್ಡು ಬೇಕು, ಹೊಸ ಮೆಮೊರಿ ಬೇಕು. ಅಪ್ಪ ಚೀಟಿ ಎತ್ತಲು ಹೊರಟಿದ್ದ. ಈ ಪ್ರಶ್ನೆಗೆ ಉತ್ತರ ಇಂದಿನ ಜಾಹೀರಾತಿನಲ್ಲಿ ಇಲ್ಲ, ಕಳೆದ ಇಪ್ಪತ್ತು ವರ್ಷಗಳ ಚರಿತ್ರೆಯಲ್ಲಿ ಇದೆ ಎಂದು ನನಗೆ ತೋರಿತು. ಆ ಚರಿತ್ರೆಯನ್ನು ಓದಿ ಅರಿತಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವೇಗ ಏಕೆ ನಿಂತಿತು ಎಂಬುದನ್ನು ನೋಡೋಣ. 1971ರಲ್ಲಿ ಬಂದ ಇಂಟೆಲ್ 4004 ಎಂಬ ಮೊದಲ ಮೈಕ್ರೊಪ್ರೊಸೆಸರಿನಲ್ಲಿ ಇದ್ದದ್ದು ಸುಮಾರು 2300 ಟ್ರಾನ್ಸಿಸ್ಟರುಗಳು. ಅದರ ಗಡಿಯಾರದ ಮಿಡಿತ ಸೆಕೆಂಡಿಗೆ ಏಳೂವರೆ ಲಕ್ಷದಷ್ಟೂ ಇರಲಿಲ್ಲ. 1993ರ ಪೆಂಟಿಯಂ 60 ಮೆಗಾಹರ್ಟ್ಜ್‌ನಲ್ಲಿ ಬಂತು. 2000ದ ಮಾರ್ಚ್ ತಿಂಗಳಲ್ಲಿ ಎಎಂಡಿ ಸಂಸ್ಥೆಯ ಅಥ್ಲಾನ್ ಒಂದು ಗಿಗಾಹರ್ಟ್ಜ್ ಮುಟ್ಟಿತು. ಎರಡೇ ದಿನಗಳಲ್ಲಿ ಇಂಟೆಲ್ ಕೂಡ ಮುಟ್ಟಿತು. ಈ ಓಟದ ಗುಟ್ಟನ್ನು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಅವರ ಸಂಗಡಿಗರು 1974ರಲ್ಲಿಯೇ ವಿವರಿಸಿದ್ದರು. ಟ್ರಾನ್ಸಿಸ್ಟರನ್ನು ಕಿರಿದು ಮಾಡುತ್ತ ಹೋದಂತೆ ಅದಕ್ಕೆ ಬೇಕಾದ ವೋಲ್ಟೇಜೂ ಇಳಿಯುತ್ತದೆ. ಆದ್ದರಿಂದ ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರುಗಳನ್ನು ತುಂಬಿ, ಹೆಚ್ಚು ವೇಗದಲ್ಲಿ ಓಡಿಸಿದರೂ ಒಟ್ಟು ಶಾಖ ಏರುವುದಿಲ್ಲ. ಇದು ಎಷ್ಟು ಸೊಗಸಾದ ನಿಯಮವೆಂದರೆ, ಇಡೀ ಒಂದು ತಲೆಮಾರು ಅದನ್ನು ಪ್ರಕೃತಿಯ ವರವೆಂದೇ ನಂಬಿತು. ಆದರೆ ತೀರಾ ಕಿರಿದಾದ ಟ್ರಾನ್ಸಿಸ್ಟರು ಆರಿಸಿದಾಗಲೂ ಪೂರ್ತಿ ಆರುವುದಿಲ್ಲ. ಸರಿಯಾಗಿ ಮುಚ್ಚದ ನಲ್ಲಿಯಂತೆ ವಿದ್ಯುತ್ತು ಸೋರುತ್ತಲೇ ಇರುತ್ತದೆ. ವೋಲ್ಟೇಜನ್ನು ಇನ್ನೂ ಇಳಿಸಿದರೆ ಸೋರಿಕೆ ಇನ್ನೂ ಹೆಚ್ಚು. 2004ರ ಹೊತ್ತಿಗೆ ಪೆಂಟಿಯಂ 4 ನೂರು ವ್ಯಾಟ್‌ಗೂ ಮಿಕ್ಕಿ ಶಾಖ ಕಾರುತ್ತಿತ್ತು, 3.8 ಗಿಗಾಹರ್ಟ್ಜ್‌ಗೆ ಬಂದು ನಿಂತಿತು. ಅದರ ಮುಂದಿನ ಪೀಳಿಗೆಯಾಗಬೇಕಿದ್ದ ತೇಹಸ್ ಎಂಬ ಪ್ರೊಸೆಸರನ್ನು ಅದೇ ವರ್ಷದ ಮೇ ತಿಂಗಳಲ್ಲಿ ರದ್ದು ಮಾಡಿದರು.

ಟ್ರಾನ್ಸಿಸ್ಟರುಗಳು ಕಿರಿದಾಗುವುದು ಮಾತ್ರ ನಿಂತಿರಲಿಲ್ಲ. ಜಾಗ ಇದೆ, ಟ್ರಾನ್ಸಿಸ್ಟರುಗಳಿವೆ, ವೇಗ ಹೆಚ್ಚಿಸುವಂತಿಲ್ಲ. ಹಾಗಾದರೆ ಏನು ಮಾಡುವುದು? ಒಂದರ ಪಕ್ಕದಲ್ಲಿ ಇನ್ನೊಂದನ್ನು ಕೂರಿಸುವುದು! ದೊಡ್ಡ ಸರ್ವರುಗಳಿಗಾಗಿ ಐಬಿಎಂ ಇದನ್ನು 2001ರಲ್ಲಿಯೇ ಮಾಡಿತ್ತು. 2005ರ ಮೇ ತಿಂಗಳಲ್ಲಿ ಇಂಟೆಲ್‌ನ ಪೆಂಟಿಯಂ ಡಿ ಹಾಗೂ ಎಎಂಡಿಯ ಅಥ್ಲಾನ್ 64 ಎಕ್ಸ್2 ಮೂಲಕ ಎರಡು ಕೋರ್‌ಗಳು ಮನೆಯ ಮೇಜಿಗೂ ಬಂದವು. ಗಮನಿಸಬೇಕಾದ ಅಂಶವೆಂದರೆ, ಕೊಳ್ಳುವವರು ಕೇಳಿ ಪಡೆದದ್ದಲ್ಲ ಇದು. ಕಟ್ಟುವವರಿಗೆ ಬೇರೆ ದಾರಿ ಇಲ್ಲದೆ ಬಂದದ್ದು. ಆಟಗಳನ್ನು ಬರೆಯುವವರಂತೂ ತಲೆಯ ಮೇಲೆ ಕೈಹೊತ್ತು ಕುಳಿತರು. ಅದುವರೆಗೆ ಅವರು ಬರೆದ ಆಟ ಮುಂದಿನ ವರ್ಷದ ಯಂತ್ರದಲ್ಲಿ ತಾನಾಗಿಯೇ ಚುರುಕಾಗಿ ಓಡುತ್ತಿತ್ತು. ಇನ್ನು ಮುಂದೆ ಚುರುಕು ಬೇಕಾದರೆ ಕೆಲಸವನ್ನು ಹೋಳು ಮಾಡಿ ಹಂಚುವುದು ಅವರ ತಲೆಗೇ ಬಂತು.

ಕೆಲಸ ಹಂಚುವುದು ಸುಲಭವೇ? ನಾಲ್ಕು ಜನ ನಾಲ್ಕು ಕಡೆ ನಿಂತು ನಾಟಿ ಮಾಡಿದರೆ ಗದ್ದೆ ಬೇಗ ಮುಗಿಯುತ್ತದೆ. ಆದರೆ ನಾಲ್ಕು ಜನ ಸೇರಿದರೂ ಅನ್ನ ಬೇಯುವ ಹೊತ್ತಿಗೇ ಬೇಯುತ್ತದೆ. ಈ ಸರಳ ಸತ್ಯವನ್ನು ಕಂಪ್ಯೂಟರಿನ ಲೋಕದಲ್ಲಿ ಖಡಾಖಂಡಿತವಾಗಿ ಹೇಳಿದವರು ಜೀನ್ ಆಮ್ಡಾಲ್. ಐಬಿಎಂನ ಪ್ರಖ್ಯಾತ ಸಿಸ್ಟಂ/360 ಯಂತ್ರಗಳ ವಿನ್ಯಾಸಕಾರರಲ್ಲಿ ಪ್ರಮುಖರಾದ ಅವರು 1967ರ ಏಪ್ರಿಲ್‌ನಲ್ಲಿ ಅಟ್ಲಾಂಟಿಕ್ ಸಿಟಿಯ ಸಮ್ಮೇಳನದಲ್ಲಿ ಮೂರೇ ಪುಟಗಳ ಒಂದು ಪ್ರಬಂಧ ಮಂಡಿಸಿದರು. ಹಲವು ಪ್ರೊಸೆಸರುಗಳನ್ನು ಒಟ್ಟಿಗೆ ಹೂಡಿದರೆ ಭವಿಷ್ಯವೆಲ್ಲ ನಮ್ಮದೇ ಎನ್ನುವವರು ಆಗಲೂ ಇದ್ದರು. ಅವರಿಗೆ ಕೊಟ್ಟ ಉತ್ತರ ಅದು. ಇಂದು ಆಮ್ಡಾಲ್ ನಿಯಮವೆಂದು ಪಾಠಪುಸ್ತಕಗಳಲ್ಲಿರುವ ಸೂತ್ರ ಆ ಪ್ರಬಂಧದಲ್ಲಿಲ್ಲ, ಅದನ್ನು ಅನಂತರ ಬೇರೆಯವರು ಕಟ್ಟಿದರು. ವಾದ ಮಾತ್ರ ಅವರದೇ.

ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನ ಕೇಂದ್ರದಲ್ಲಿ ದುಡಿದ ಯಾವ ಶಿಕ್ಷಕರಿಗೂ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಮಾದರಿ ಉತ್ತರಗಳ ಚರ್ಚೆ ನಡೆಯಬೇಕು. ಅದು ಮುಗಿಯುವವರೆಗೆ ಯಾರೂ ಕೆಂಪು ಪೆನ್ನು ತೆಗೆಯುವಂತಿಲ್ಲ. ಅನಂತರ ಉತ್ತರ ಪತ್ರಿಕೆಗಳ ಕಟ್ಟುಗಳನ್ನು ಹಂಚುತ್ತಾರೆ. ಇಪ್ಪತ್ತು ಮಂದಿ ಇದ್ದಲ್ಲಿ ನಲವತ್ತು ಮಂದಿ ಬಂದರೆ ತಿದ್ದುವ ಕಾಲ ಅರ್ಧವಾಗುತ್ತದೆ. ಆದರೆ ಮಾದರಿ ಉತ್ತರದ ಚರ್ಚೆ ಒಂದು ನಿಮಿಷವೂ ಕಡಿಮೆಯಾಗುವುದಿಲ್ಲ. ನಿಜ ಹೇಳಬೇಕೆಂದರೆ, ಮಾತನಾಡುವವರು ಹೆಚ್ಚಾಗಿ ಅದು ಇನ್ನಷ್ಟು ಉದ್ದವೇ ಆಗುತ್ತದೆ! ಕಂಪ್ಯೂಟರಿನಲ್ಲಿಯೂ ಅಷ್ಟೆ. ಕೋರ್‌ಗಳು ಹೆಚ್ಚಿದಂತೆ ಒಂದು ಇನ್ನೊಂದಕ್ಕೆ ಕಾಯುವ, ಒಂದು ಇನ್ನೊಂದಕ್ಕೆ ಹೇಳುವ ಖರ್ಚೂ ಹೆಚ್ಚುತ್ತದೆ.

ಆಟದ ಒಳಗೆ ನಡೆಯುವುದೇನು? ಪರದೆಯ ಮೇಲೆ ಸೆಕೆಂಡಿಗೆ ಅರವತ್ತು ಚಿತ್ರಗಳು ಮೂಡಬೇಕಾದರೆ ಒಂದೊಂದು ಚಿತ್ರಕ್ಕೂ ಸಿಗುವ ಕಾಲ ಹದಿನಾರು ಮುಕ್ಕಾಲು ಮಿಲಿಸೆಕೆಂಡಿಗಿಂತ ತುಸು ಕಡಿಮೆ. ಅಷ್ಟರಲ್ಲಿ ಆಡುವವನು ಒತ್ತಿದ ಗುಂಡಿಯನ್ನು ಓದಬೇಕು; ಪಾತ್ರವನ್ನು ಸರಿಸಬೇಕು; ಅದು ಗೋಡೆಗೆ ತಾಗಿತೇ ನೋಡಬೇಕು; ತಾಗದಿದ್ದರೆ ವೈರಿಗೆ ಅದು ಕಂಡಿತೇ ನೋಡಬೇಕು; ಕಂಡರೆ ವೈರಿ ಏನು ಮಾಡಬೇಕೆಂದು ತೀರ್ಮಾನಿಸಬೇಕು; ಕೊನೆಗೆ ಏನೇನನ್ನು ಬಿಡಿಸಬೇಕೆಂಬ ಪಟ್ಟಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಬೇಕು. ಹಿಂದಿನದು ಮುಗಿಯದೆ ಮುಂದಿನದು ಆರಂಭವಾಗದ ಸರಪಣಿ ಇದು.

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆಂದು ನಾನೇ ಇಟ್ಟುಕೊಂಡವು. ಒಂದು ಚಿತ್ರದ ಕೆಲಸ ಒಂದೇ ಕೋರಿಗೆ 16 ಮಿಲಿಸೆಕೆಂಡು ಹಿಡಿಯುತ್ತದೆ, ಅದರಲ್ಲಿ 6 ಹಂಚಲಾಗದ್ದು, 10 ಹಂಚಬಹುದಾದದ್ದು ಎನ್ನೋಣ. ಎರಡು ಕೋರ್ ಇದ್ದರೆ 6ಕ್ಕೆ 5 ಸೇರಿ 11 ಆಯಿತು. ನಾಲ್ಕಕ್ಕೆ 8.5. ಎಂಟಕ್ಕೆ 7.25. ಹದಿನಾರಕ್ಕೆ ಸುಮಾರು 6.6. ಕೋರ್‌ಗಳ ಸಂಖ್ಯೆ ಪ್ರತಿ ಸಲವೂ ದುಪ್ಪಟ್ಟಾಗುತ್ತಿದೆ, ಗಳಿಕೆ ಮಾತ್ರ ಪ್ರತಿ ಸಲವೂ ಅರ್ಧವಾಗುತ್ತಿದೆ. ಲಕ್ಷ ಕೋರ್ ಕೂಡಿಸಿದರೂ 6ಕ್ಕಿಂತ ಕೆಳಗೆ ಇಳಿಯದು. ಈಗ ಹದಿನಾರರ ಆಸೆ ಬಿಟ್ಟು, ಎಂಟೇ ಕೋರ್ ಇಟ್ಟುಕೊಂಡು, ಒಂದೊಂದನ್ನೂ ಕಾಲುಭಾಗ ಚುರುಕು ಮಾಡಿ ನೋಡಿ: 7.25ನ್ನು 1.25ರಿಂದ ಭಾಗಿಸಿದರೆ 5.8. ಲಕ್ಷ ಕೋರ್‌ಗಳಿಗೆ ನಿಲುಕದ್ದು ಎಂಟಕ್ಕೆ ನಿಲುಕಿತು!

ಹಾಗಾದರೆ ಸಾವಿರಾರು ಘಟಕಗಳಿರುವ ಗ್ರಾಫಿಕ್ಸ್ ಕಾರ್ಡು ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಸಹಜ. ಚಿತ್ರದ ಒಂದು ಚುಕ್ಕೆಯ ಬಣ್ಣಕ್ಕೂ ಪಕ್ಕದ ಚುಕ್ಕೆಯ ಬಣ್ಣಕ್ಕೂ ಬಹುಮಟ್ಟಿಗೆ ಸಂಬಂಧವಿಲ್ಲ; ಅದು ನಾಟಿಯ ಕೆಲಸ. 1996ರಲ್ಲಿ ಬಂದ ವೂಡೂ ಕಾರ್ಡು ಚುಕ್ಕೆಗಳಿಗೆ ಬಣ್ಣ ತುಂಬುವ ಕೆಲಸವನ್ನು ಪ್ರೊಸೆಸರಿನಿಂದ ಕಿತ್ತುಕೊಂಡಿತು. 1999ರ ಜಿಫೋರ್ಸ್ 256 ಆಕೃತಿಗಳನ್ನು ತಿರುಗಿಸುವ, ಬೆಳಕು ಬೀಳಿಸುವ ಲೆಕ್ಕವನ್ನೂ ಕಿತ್ತುಕೊಂಡಿತು. ನನ್ನ ಮಟ್ಟಿಗೆ ಈ ಚರಿತ್ರೆಯ ಮುಖ್ಯ ಘಟನೆ ಇದೇ. ಎರಡು ಕೋರ್‌ಗಳು ಮನೆಗೆ ಬರುವ ಮೊದಲೇ, ಸಲೀಸಾಗಿ ಹಂಚಬಹುದಾದ ಕೆಲಸದ ದೊಡ್ಡ ಪಾಲು ಪ್ರೊಸೆಸರಿನಿಂದ ಹೊರಟುಹೋಗಿತ್ತು. ಅಲ್ಲಿ ಉಳಿದದ್ದು ಹಂಚಲು ಒಲ್ಲೆನೆನ್ನುವ ಗಂಟು.

ಹಂಚಲು ಒಲ್ಲೆನೆನ್ನದ ಕೆಲಸಕ್ಕೆ ನಮ್ಮ ಬೆಂಗಳೂರಿನಲ್ಲಿಯೇ ಒಳ್ಳೆಯ ನಿದರ್ಶನವಿದೆ. ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಎಂದು ಇಂದು ಕರೆಯುವ ಎನ್‌ಎಎಲ್‌ನಲ್ಲಿ 1986ರಲ್ಲಿ ಫ್ಲೊಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು ಕಟ್ಟಿದರು. ಭಾರತದ ಮೊದಲನೆಯದೆಂದು ಅದನ್ನು ಗೌರವಿಸುತ್ತಾರೆ. ಹೆಸರೇ ಹೇಳುವಂತೆ ಅದು ದ್ರವ ಮತ್ತು ಗಾಳಿಯ ಹರಿವಿನ ಲೆಕ್ಕಗಳಿಗಾಗಿ ಹುಟ್ಟಿದ್ದು, ಮುಂದೆ ಮುಂಗಾರಿನ ಲೆಕ್ಕಕ್ಕೂ ದುಡಿಯಿತು. ಆಕಾಶವನ್ನು ಚೌಕಚೌಕವಾಗಿ ಕತ್ತರಿಸಿ ಒಂದೊಂದು ಪ್ರೊಸೆಸರಿಗೆ ಒಂದೊಂದು ಭಾಗ ಕೊಡಬಹುದು. ಅಂಚಿನಲ್ಲಿ ಮಾತ್ರ ನೆರೆಯವರೊಡನೆ ಸುದ್ದಿ ಹಂಚಿಕೊಂಡರೆ ಸಾಕು. ಹಾಗೆಯೇ 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಹೊರತಂದ ಆರು ಕೋರ್‌ಗಳ ಜಿಯಾನ್ 7400, ಅಂದರೆ ಡನಿಂಗ್‌ಟನ್, ಬೆಂಗಳೂರಿನ ಎಂಜಿನಿಯರುಗಳ ಕೈಯಲ್ಲಿ ವಿನ್ಯಾಸಗೊಂಡದ್ದು. 190 ಕೋಟಿ ಟ್ರಾನ್ಸಿಸ್ಟರುಗಳ ಬಿಲ್ಲೆ. ಅದು ಸರ್ವರುಗಳಿಗೆ. ಬ್ಯಾಂಕಿನ ಸರ್ವರಿಗೆ ಒಂದೇ ಹೊತ್ತಿನಲ್ಲಿ ಸಾವಿರ ಜನರ ಸಾವಿರ ಬೇರೆ ಬೇರೆ ಕೋರಿಕೆಗಳು ಬರುತ್ತವೆ, ಆರು ಕೋರ್‌ಗಳಿಗೂ ಹೊಟ್ಟೆ ತುಂಬ ಕೆಲಸ. ಅದೇ 2008ರಲ್ಲಿ ಬಹುಪಾಲು ಆಟಗಳು ಎರಡು ಕೋರ್‌ಗಳನ್ನು ಪೂರ್ತಿ ದುಡಿಸಲು ಹೆಣಗುತ್ತಿದ್ದವು. ಒಂದೇ ಊರಿನ ಒಂದೇ ವಿದ್ಯೆ, ಕೆಲಸ ಬೇರೆಯಾದರೆ ಫಲವೂ ಬೇರೆ.

ಇನ್ನು ಕೊಂಡವರ ಕತೆಗೆ ಬರೋಣ. 2007-08ರಲ್ಲಿ ಆಟಗಾರರ ನಡುವೆ ದೊಡ್ಡ ಜಿಜ್ಞಾಸೆ ನಡೆದಿತ್ತು. ಒಂದು ಕಡೆ ನಾಲ್ಕು ಕೋರ್‌ಗಳ, 2.4 ಗಿಗಾಹರ್ಟ್ಜ್‌ನ ಕ್ಯೂ6600. 851 ಡಾಲರಿಗೆ ಬಂದದ್ದು 2007ರ ಜುಲೈ ವೇಳೆಗೆ 266ಕ್ಕೆ ಇಳಿದಿತ್ತು. ಇನ್ನೊಂದು ಕಡೆ ಎರಡೇ ಕೋರ್‌ಗಳ, ಆದರೆ 3 ಗಿಗಾಹರ್ಟ್ಜ್‌ನ ಇ8400. ಅಂದಿನ ಆಟಗಳಲ್ಲಿ ಎರಡು ಕೋರ್‌ಗಳದೇ ಮೇಲುಗೈ. ಆದರೆ 2008ರ ಡಿಸೆಂಬರಿನಲ್ಲಿ ಕಂಪ್ಯೂಟರಿಗೆ ಬಂದ ಗ್ರ್ಯಾಂಡ್ ಥೆಫ್ಟ್ ಆಟೊ 4ರಂತಹ ಆಟಗಳಲ್ಲಿ ನಾಲ್ಕು ಕೋರ್‌ಗಳು ಗೆದ್ದವು. ಕ್ಯೂ6600 ಕೊಂಡವರು ಮತ್ತೂ ಹಲವು ವರ್ಷ ಅದರಲ್ಲಿಯೇ ಆಡಿದರು. ಹೆಚ್ಚು ಕೋರ್ ಕೊಂಡವನು ಜಾಣ ಎಂಬ ಮಾತು ಆಗ ಬೇರೂರಿತು.

ಆ ಮಾತನ್ನು ನಂಬಿ ಹಣ ತೆತ್ತವರು 2011ರವರು. ಅಕ್ಟೋಬರಿನಲ್ಲಿ ಎಎಂಡಿ ತನ್ನ ಎಫ್‌ಎಕ್ಸ್-8150ನ್ನು ಮನೆಬಳಕೆಯ ಮೊದಲ ಎಂಟು ಕೋರ್‌ಗಳ ಪ್ರೊಸೆಸರೆಂದು ಮಾರಿತು. ಬೆಲೆ 245 ಡಾಲರ್. ಅದೇ ವರ್ಷದ ಜನವರಿಯಲ್ಲಿ ಇಂಟೆಲ್‌ನ ನಾಲ್ಕು ಕೋರ್‌ಗಳ ಐ5-2500ಕೆ 216 ಡಾಲರಿಗೆ ಬಂದಿತ್ತು. ಎಫ್‌ಎಕ್ಸ್‌ನ ಒಳರಚನೆಯಲ್ಲಿ ಎರಡೆರಡು ಕೋರ್‌ಗಳು ಒಂದು ಜೋಡಿಮನೆಯಲ್ಲಿ ವಾಸ. ಪೂರ್ಣಾಂಕಗಳ ಲೆಕ್ಕಕ್ಕೆ ಇಬ್ಬರಿಗೂ ಬೇರೆ ಬೇರೆ ಕೋಣೆ, ದಶಮಾಂಶ ಲೆಕ್ಕದ ಅಡುಗೆಮನೆ ಇಬ್ಬರಿಗೂ ಒಂದೇ. ಆಟಗಳಲ್ಲಿ ದಶಮಾಂಶದ ಲೆಕ್ಕವೇ ಹೇರಳ. ಮೇಲಾಗಿ ಒಂದೊಂದು ಕೋರಿನ ಬಲವೂ ಎದುರಾಳಿಗಿಂತ ಬಹಳ ಕಡಿಮೆ. ಇಂದಿನ ಆಟಗಳಲ್ಲಿ ಸೋತರೇನಂತೆ, ನಾಳೆಯ ಆಟಗಳಲ್ಲಿ ಎಂಟು ಗೆಲ್ಲುತ್ತದೆ ಎಂಬ ಸಮಾಧಾನ ಕೊಂಡವರಿಗೆ ಇತ್ತು. ಎಂಟು ಕೋರ್‌ಗಳಿಗೆ ಕೆಲಸ ಕೊಡುವ ಆಟಗಳು ಬಂದವು ನಿಜ. ಅಷ್ಟರಲ್ಲಿ ಆ ಕೋರ್‌ಗಳಿಗೇ ಮುಪ್ಪು ಹಿಡಿದಿತ್ತು. ಎಂಟು ಎಂದದ್ದು ಸರಿಯೇ ಎಂದು 2015ರಲ್ಲಿ ಕ್ಯಾಲಿಫೋರ್ನಿಯದಲ್ಲಿ ದಾವೆ ಹೂಡಲಾಯಿತು. 2019ರಲ್ಲಿ ಎಎಂಡಿ 1.21 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕೋರ್ ಎಂದರೆ ಏನು ಎಂಬುದನ್ನು ನ್ಯಾಯಾಲಯದ ಕಟ್ಟೆಯಲ್ಲಿ ಚರ್ಚಿಸುವ ಕಾಲವೂ ಬಂತಲ್ಲ ಎಂದು ನನಗೆ ಓದುವಾಗ ಅಚ್ಚರಿಯಾಯಿತು.

ಕ್ಯೂ6600 ಬಾಳಿತು, ಎಫ್‌ಎಕ್ಸ್ ಬಾಳಲಿಲ್ಲ. ಮೊದಲನೆಯದರ ಒಂದೊಂದು ಕೋರೂ ಎದುರಾಳಿಗೆ ಹೆಚ್ಚುಕಡಿಮೆ ಸರಿಸಮ, ಗಡಿಯಾರ ಮಾತ್ರ ಐದನೆಯ ಒಂದು ಪಾಲು ಹಿಂದೆ. ಎರಡನೆಯದರಲ್ಲಿ ಸಂಖ್ಯೆಗಾಗಿ ಬಲವನ್ನೇ ಬಿಟ್ಟುಕೊಟ್ಟಿದ್ದರು. ಕೋರ್‌ಗಳನ್ನು ಎಣಿಸುವ ಮೊದಲು ಒಂದನ್ನು ತೂಗಿ ನೋಡಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಆಟಗಳು ಎಷ್ಟು ಕೋರ್‌ಗಳಿಗೆಂದು ಬರೆಯಲ್ಪಡುತ್ತವೆ ಎಂಬುದನ್ನು ನಿರ್ಧರಿಸುವವರು ಯಾರು? ಇಂಟೆಲ್ಲೂ ಅಲ್ಲ, ಎಎಂಡಿಯೂ ಅಲ್ಲ. ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆಗಳು, ಅಂದರೆ ಕನ್ಸೋಲ್‌ಗಳು. ದೊಡ್ಡ ಆಟಗಳ ಬಂಡವಾಳ ಹಿಂದಿರುಗಬೇಕಾದರೆ ಕನ್ಸೋಲ್‌ಗಳಲ್ಲಿ ಅವು ಓಡಲೇಬೇಕು. 2005ರ ಎಕ್ಸ್‌ಬಾಕ್ಸ್ 360ರಲ್ಲಿ ಮೂರು ಕೋರ್. 2006ರ ಪ್ಲೇಸ್ಟೇಷನ್ 3ರ ಸೆಲ್ ಪ್ರೊಸೆಸರಿನಲ್ಲಿ ಒಂದು ಮುಖ್ಯ ಕೋರ್, ಅದರ ಕೈಕೆಳಗೆ ಆಟಕ್ಕೆ ಸಿಗುವ ಆರು ಸಹಾಯಕರು. ಆ ಸಹಾಯಕರಿಗೆ ಸ್ವಂತ ಬುದ್ಧಿ ಕಡಿಮೆ, ಸಾಮಾನನ್ನು ಪ್ರತಿಯೊಬ್ಬರ ಮುಂದೆಯೂ ತಂದು ಸುರಿಯಬೇಕು. ಆಟ ಬರೆಯುವವರನ್ನು ಅದು ಅಳಿಸಿತು. ಆದರೆ ಕೆಲಸವನ್ನು ಸಣ್ಣ ಸಣ್ಣ ತುಣುಕು ಮಾಡುವ ಶಿಸ್ತನ್ನೂ ಕಲಿಸಿತು. 2013ರಲ್ಲಿ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಬಂದಾಗ ಎರಡರಲ್ಲಿಯೂ ಎಂಟೆಂಟು ಕೋರ್. ಎಲ್ಲವೂ ದುರ್ಬಲ, ಪ್ಲೇಸ್ಟೇಷನ್ನಿನವು 1.6 ಗಿಗಾಹರ್ಟ್ಜ್‌ನವು. ಬಲವಿಲ್ಲದಲ್ಲಿ ಹಂಚದೆ ಗತಿಯಿಲ್ಲ.

ಇದಕ್ಕೆ ನಾಟಿ ಡಾಗ್ ಎಂಬ ಆಟದ ತಯಾರಕರು ಕಂಡುಕೊಂಡ ಉಪಾಯ ಚೆನ್ನಾಗಿದೆ. ಪ್ಲೇಸ್ಟೇಷನ್ 3ರಲ್ಲಿ ಸೆಕೆಂಡಿಗೆ ಮೂವತ್ತು ಚಿತ್ರಗಳಿದ್ದ ದಿ ಲಾಸ್ಟ್ ಆಫ್ ಅಸ್ ಆಟವನ್ನು 2014ರಲ್ಲಿ ಹೊಸ ಯಂತ್ರಕ್ಕೆ ಅರವತ್ತಕ್ಕೆ ತರಬೇಕಿತ್ತು. ಅವರು ಕೆಲಸವನ್ನೆಲ್ಲ ತುಣುಕು ಮಾಡಿ ಬಿಡುವಾದ ಕೋರಿಗೆ ಕೊಡುವ ಏರ್ಪಾಟು ಮಾಡಿದರು. ಅದೂ ಸಾಲದೆ, ಈ ಚಿತ್ರವನ್ನು ಬಿಡಿಸುವ ಸಿದ್ಧತೆ ನಡೆಯುತ್ತಿರುವಾಗಲೇ ಮುಂದಿನ ಚಿತ್ರದ ಲೆಕ್ಕ ಆರಂಭವಾಗುವಂತೆ ಮಾಡಿದರು. ಹಬ್ಬದ ದಿನ ಒಬ್ಬಳು ಕಣಕ ತಟ್ಟುತ್ತಿದ್ದಂತೆ ಇನ್ನೊಬ್ಬಳು ಹಿಂದಿನ ಒಬ್ಬಟ್ಟನ್ನು ಬೇಯಿಸುವ ಕ್ರಮ. ಒಂದೊಂದು ಒಬ್ಬಟ್ಟು ಬೇಗ ಆಗುವುದಿಲ್ಲ, ಆದರೆ ಗಂಟೆಗೆ ಇಳಿಯುವ ಒಬ್ಬಟ್ಟು ಹೆಚ್ಚಾಗುತ್ತವೆ. ಗ್ರಾಫಿಕ್ಸ್ ಕಾರ್ಡಿಗೆ ಪಟ್ಟಿ ಒಪ್ಪಿಸುವ ಕೆಲಸವನ್ನು ಹಲವು ಕೋರ್‌ಗಳು ಹಂಚಿಕೊಳ್ಳುವ ಅನುಕೂಲ ಕಂಪ್ಯೂಟರುಗಳಿಗೂ 2015ರ ಡೈರೆಕ್ಟ್‌ಎಕ್ಸ್ 12, 2016ರ ವಲ್ಕನ್ ಇವುಗಳಿಂದ ದೊರೆಯಿತು.

ಈ ಬದಲಾವಣೆಯ ಪೆಟ್ಟು ಬಿದ್ದದ್ದು ಕಡಿಮೆ ಹಣವುಳ್ಳವರಿಗೆ. 2014ರಲ್ಲಿ 72 ಡಾಲರಿಗೆ ಪೆಂಟಿಯಂ ಜಿ3258 ಎಂಬ ಎರಡು ಕೋರ್‌ಗಳ ಪ್ರೊಸೆಸರ್ ಬಂತು. ಅದರ ಗಡಿಯಾರವನ್ನು ಮನಬಂದಷ್ಟು ಏರಿಸಬಹುದಿತ್ತು. ಬಡವನ ಪಾಲಿಗೆ ಭಾಗ್ಯವೆಂದು ಎಲ್ಲರೂ ಹೊಗಳಿದರು. ಅದೇ ವರ್ಷದ ನವೆಂಬರಿನಲ್ಲಿ ಬಂದ ಫಾರ್ ಕ್ರೈ 4 ಎರಡೇ ಕೋರ್‌ಗಳಿರುವ ಅಂತಹ ಯಂತ್ರದಲ್ಲಿ ಆರಂಭವೇ ಆಗಲಿಲ್ಲ, ಪರದೆ ಕಪ್ಪಾಗಿಯೇ ಉಳಿಯಿತು. ನಿಧಾನವಾಗಿ ಓಡಿದರೆ ಸಹಿಸಬಹುದು, ಬಾಗಿಲೇ ತೆರೆಯದಿದ್ದರೆ? ಆದ್ದರಿಂದ ಒಂದೇ ಕೋರಿನ ಬಲ ಸಾಕೆಂಬ ವಾದವನ್ನೂ ಅತಿಗೆ ಒಯ್ಯುವಂತಿಲ್ಲ. ಆಟ ಬಯಸುವ ಕನಿಷ್ಠ ಸಂಖ್ಯೆಯೊಂದು ಇದ್ದೇ ಇರುತ್ತದೆ, ಅದು ಕನ್ಸೋಲ್‌ಗಳ ಹೆಜ್ಜೆಯ ಹಿಂದೆಯೇ ಏರುತ್ತದೆ.

2011ರಿಂದ 2017ರವರೆಗೆ ಇಂಟೆಲ್‌ಗೆ ಸರಿಯಾದ ಎದುರಾಳಿಯಿರಲಿಲ್ಲ. ಸಾಮಾನ್ಯ ಮೇಜಿನ ಕಂಪ್ಯೂಟರು ನಾಲ್ಕು ಕೋರ್‌ಗಳಿಗೇ ನಿಂತುಬಿಟ್ಟಿತು. 2017ರ ಜನವರಿಯಲ್ಲಿ ಬಂದ ಐ7-7700ಕೆ ಕೂಡ ನಾಲ್ಕೇ. ಮಾರ್ಚ್ ತಿಂಗಳಲ್ಲಿ ಎಎಂಡಿ ಎಂಟು ಕೋರ್‌ಗಳ ರೈಜನ್ 7ನ್ನು ಹೊರತಂದಿತು. ಅದರಲ್ಲಿ ಮೇಲಿನದಕ್ಕೆ 499 ಡಾಲರ್. ಇಂಟೆಲ್‌ನ ಎಂಟು ಕೋರ್‌ಗಳಿಗೆ ಆಗ ಸಾವಿರ ಡಾಲರಿಗೂ ಮಿಕ್ಕಿದ ಬೆಲೆ. ಅಕ್ಟೋಬರ್ ಹೊತ್ತಿಗೆ ಇಂಟೆಲ್ ಆರು ಕೋರ್‌ಗಳ ಐ7-8700ಕೆಯನ್ನು ತರಲೇಬೇಕಾಯಿತು. ಆರು ವರ್ಷ ಆಗದಿದ್ದದ್ದು ಹತ್ತು ತಿಂಗಳಲ್ಲಿ ಆಯಿತು. ಜನವರಿಯಲ್ಲಿ ಕೊಂಡವರ ಹೊಟ್ಟೆಯುರಿಯನ್ನು ಊಹಿಸಿಕೊಳ್ಳಬಹುದು.

2020ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಂದವು. ಅವುಗಳಲ್ಲಿಯೂ ಎಂಟೇ ಕೋರ್! ಆದರೆ ಈ ಸಲ ಅವು ರೈಜನ್ ಮನೆತನದ ಬಲಿಷ್ಠ ಕೋರ್‌ಗಳು, ಮೂರೂವರೆ ಗಿಗಾಹರ್ಟ್ಜ್ ಮುಟ್ಟುವವು. ಎಂಟು ದುರ್ಬಲರಿಗೆಂದು ಬರೆದ ಆಟವನ್ನು ನಾಲ್ಕು ಬಲಿಷ್ಠರು ಹೊತ್ತುಬಿಡುತ್ತಿದ್ದರು; ಎಂಟು ಬಲಿಷ್ಠರಿಗೆಂದು ಬರೆದ ಆಟವನ್ನು ನಾಲ್ವರು ಹೊರಲಾರರು. ನಾಲ್ಕು ಕೋರ್‌ಗಳ ಕಾಲ ಹೀಗೆ ಮುಗಿಯಿತು.

ನಡುವೆ ಒಂದು ತಮಾಷೆ. 2021ರ ನವೆಂಬರಿನಲ್ಲಿ ಇಂಟೆಲ್ ದೊಡ್ಡ ಕೋರ್ ಎಂಟು, ಸಣ್ಣ ಕೋರ್ ಎಂಟು ಬೆರೆಸಿದ 12900ಕೆಯನ್ನು ತಂದಿತು. ಕೆಲವು ಆಟಗಳ ಕಳ್ಳಪ್ರತಿ ತಡೆಯುವ ಕಾವಲು ತಂತ್ರಾಂಶಕ್ಕೆ ಸಣ್ಣ ಕೋರ್‌ಗಳು ಬೇರೆಯೇ ಕಂಪ್ಯೂಟರಿನವೆಂದು ತೋರಿ, ಹಣ ಕೊಟ್ಟು ಕೊಂಡ ಆಟವನ್ನೇ ಓಡಗೊಡಲಿಲ್ಲ. ಕೀಲಿಮಣೆಯ ಸ್ಕ್ರಾಲ್ ಲಾಕ್ ಗುಂಡಿಯಿಂದ ಸಣ್ಣ ಕೋರ್‌ಗಳನ್ನು ಮಲಗಿಸುವ ಏರ್ಪಾಟನ್ನು ಮದರ್‌ಬೋರ್ಡುಗಳಲ್ಲಿ ಒದಗಿಸಬೇಕಾಯಿತು. ಯಾರಿಗೂ ಬೇಡವಾಗಿದ್ದ ಆ ಗುಂಡಿಗೂ ಒಂದು ಕಾಲ ಬಂತು!

ಈ ಎಲ್ಲದರ ತೀರ್ಪಿನಂತಹ ಪ್ರೊಸೆಸರ್ ಬಂದದ್ದು 2022ರ ಏಪ್ರಿಲ್‌ನಲ್ಲಿ. ಎಎಂಡಿಯ ರೈಜನ್ 7 5800ಎಕ್ಸ್3ಡಿಯಲ್ಲಿ ಕೋರ್‌ಗಳು ಎಂಟೇ; ಗರಿಷ್ಠ ವೇಗ ತನ್ನ ಅಣ್ಣ 5800ಎಕ್ಸ್‌ಗಿಂತ ತುಸು ಕಡಿಮೆಯೇ. ಹೆಚ್ಚಿಸಿದ್ದು ಒಂದನ್ನೇ, ಕ್ಯಾಶ್ ಎಂಬ ಹತ್ತಿರದ ಮೆಮೊರಿಯನ್ನು, 32 ಮೆಗಾಬೈಟ್‌ನಿಂದ 96ಕ್ಕೆ. ಒಂದು ಬಿಲ್ಲೆಯ ಮೇಲೆ ಇನ್ನೊಂದನ್ನು ಅಟ್ಟದಂತೆ ಕಟ್ಟಿದ್ದರು. ಅದೇ ಪೀಳಿಗೆಯ ಹದಿನಾರು ಕೋರ್‌ಗಳ 5950ಎಕ್ಸ್‌ನ್ನು ಇದು ಬಹಳಷ್ಟು ಆಟಗಳಲ್ಲಿ ಹಿಂದೆ ಹಾಕಿತು. ಹಂಚಲಾಗದ ಗಂಟನ್ನು ಬಿಚ್ಚುವ ಮುಖ್ಯ ಕೋರು ಹೆಚ್ಚು ಹೊತ್ತು ಕಳೆಯುವುದು ಲೆಕ್ಕದಲ್ಲಲ್ಲ, ದೂರದ ಮೆಮೊರಿಯಿಂದ ಸಾಮಾನು ಬರಲೆಂದು ಕಾಯುವುದರಲ್ಲಿ. ಸಾಮಾನು ಅಡುಗೆಮನೆಯ ಅಟ್ಟದಲ್ಲಿಯೇ ಇದ್ದರೆ ಪೇಟೆಗೆ ಓಡುವ ಕೆಲಸವಿಲ್ಲ. 2023ರಲ್ಲಿ ಅವರೇ ಹದಿನಾರು ಕೋರ್‌ಗಳ 7950ಎಕ್ಸ್3ಡಿಯನ್ನೂ ತಂದರು. ಅಟ್ಟ ಇದ್ದದ್ದು ಎಂಟಕ್ಕೆ ಮಾತ್ರ. ಆಟ ಆರಂಭವಾದೊಡನೆ ಉಳಿದ ಎಂಟನ್ನು ಮಲಗಿಸುವ ಪ್ರಯತ್ನವನ್ನು ಅದರ ತಂತ್ರಾಂಶವೇ ಮಾಡುತ್ತದೆ. ಹದಿನಾರಕ್ಕೆ ಹಣ ಕೊಟ್ಟವನು ಆಡುವಾಗ ಎಂಟರಲ್ಲಿ ಆಡುತ್ತಾನೆ.

ಎಲ್ಲ ಆಟಗಳಿಗೂ ಇದೇ ಮಾತು ಸಲ್ಲುವುದಿಲ್ಲ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಜಾನ್ ಗುಸ್ತಾಫ್‌ಸನ್ 1988ರಲ್ಲಿ 1024 ಪ್ರೊಸೆಸರುಗಳ ಯಂತ್ರವನ್ನಿಟ್ಟುಕೊಂಡು ಆಮ್ಡಾಲ್‌ಗೆ ಮರುನುಡಿ ಕೊಟ್ಟರು. ಯಂತ್ರ ದೊಡ್ಡದಾದಾಗ ಜನ ಅದೇ ಲೆಕ್ಕವನ್ನು ಬೇಗ ಮಾಡಲು ಹೋಗುವುದಿಲ್ಲ, ದೊಡ್ಡ ಲೆಕ್ಕವನ್ನೇ ಎತ್ತಿಕೊಳ್ಳುತ್ತಾರೆ ಎಂಬುದು ಅವರ ವಾದ. ಲಕ್ಷಾಂತರ ನಿವಾಸಿಗಳಿರುವ ಊರು ಕಟ್ಟುವ ಆಟ, 2023ರ ಸಿಟೀಸ್ ಸ್ಕೈಲೈನ್ಸ್ 2ರಂತಹದು, ಹೆಚ್ಚು ಕೋರ್ ಕೊಟ್ಟರೆ ಬಳಸಿಕೊಳ್ಳಬಲ್ಲದು. ಅಲ್ಲಿ ಊರು ಬೆಳೆದಷ್ಟೂ ಹಂಚುವ ಕೆಲಸವೂ ಬೆಳೆಯುತ್ತದೆ. ಓಡುತ್ತ ಗುಂಡು ಹಾರಿಸುವ ಆಟಗಳಲ್ಲಿ ಹಾಗಿಲ್ಲ.

ಹೀಗಾಗಿ ನಾನು ಆ ಅಪ್ಪ-ಮಗನಿಗೆ ಹೇಳಿದ್ದು, ಕೊಳ್ಳುವ ಮೊದಲು ಅಳೆಯಿರಿ ಎಂದು. ಆಟದ ಚಿತ್ರದ ಗಾತ್ರವನ್ನು 1920×1080ರಿಂದ 1280×720ಕ್ಕೆ ಇಳಿಸಬೇಕು. ಸೆಕೆಂಡಿಗೆ ಮೂಡುವ ಚಿತ್ರಗಳು ಏರಿದರೆ ಅದುವರೆಗೆ ತಡೆದು ನಿಲ್ಲಿಸಿದ್ದದ್ದು ಗ್ರಾಫಿಕ್ಸ್ ಕಾರ್ಡು; ಏರದಿದ್ದರೆ ಪ್ರೊಸೆಸರ್. ಟಾಸ್ಕ್ ಮ್ಯಾನೇಜರ್ ತೋರಿಸುವ ಒಟ್ಟು ಶೇಕಡಾವಾರನ್ನು ನಂಬಬಾರದು. ಆರು ಕೋರ್, ಹನ್ನೆರಡು ಎಳೆಗಳ ಪ್ರೊಸೆಸರಿನಲ್ಲಿ ಒಂದೇ ಎಳೆ ಉಸಿರುಗಟ್ಟಿ ದುಡಿಯುತ್ತಿದ್ದರೂ ಅಲ್ಲಿ ಕಾಣುವುದು ಶೇಕಡಾ 8 ಮಾತ್ರ. ಪ್ರೊಸೆಸರ್ ನಿದ್ದೆ ಮಾಡುತ್ತಿದೆಯೆಂದು ತೋರುತ್ತದೆ. ಹುಡುಗ ಎರಡು ಆಟಗಳಲ್ಲಿ ಅಳೆದ. ಒಂದರಲ್ಲಿ ಸಂಖ್ಯೆ ಚೆನ್ನಾಗಿ ಏರಿತು, ಇನ್ನೊಂದರಲ್ಲಿ ಕದಲಲಿಲ್ಲ. 2018ರ ಆರು ಕೋರ್‌ಗಳಲ್ಲಿ ಕೊರತೆಯಿದ್ದದ್ದು ಆರು ಎಂಬುದರಲ್ಲಲ್ಲ, 2018 ಎಂಬುದರಲ್ಲಿ.

ಅವನ ಮದರ್‌ಬೋರ್ಡಿನ ಬಯಾಸ್ ತಂತ್ರಾಂಶವನ್ನು ಹೊಸದು ಮಾಡಿದರೆ ಅದೇ ಎಎಂ4 ಕುಣಿಕೆಯಲ್ಲಿ 2022ರ ಪೀಳಿಗೆಯ ಎಂಟು ಕೋರ್‌ಗಳದು ಕೂರುತ್ತದೆ. ಹೊಸ ಮೆಮೊರಿ ಬೇಡ, ಹೊಸ ಬೋರ್ಡು ಬೇಡ. ಚೀಟಿ ಎತ್ತುವುದೂ ಬೇಡವಾಯಿತು. ಉಳಿದದ್ದರಲ್ಲಿ ಮುಂದೆ ಗ್ರಾಫಿಕ್ಸ್ ಕಾರ್ಡಿನ ಮಾತು ನೋಡೋಣವೆಂದರು. ಹೊಸದಾಗಿಯೇ ಕಟ್ಟಿಸುವವರಿಗೆ ನನ್ನ ಅಭಿಪ್ರಾಯ: ಕೈ ಬಿಗಿಯಿದ್ದರೆ ಇತ್ತೀಚಿನ ಪೀಳಿಗೆಯ ಆರು ಕೋರ್, ಅನುಕೂಲವಿದ್ದರೆ ದೊಡ್ಡ ಕ್ಯಾಶ್‌ನ ಎಂಟು. ಹನ್ನೆರಡು, ಹದಿನಾರು ಬೇಕಾಗುವುದು ವಿಡಿಯೊ ಸಂಕಲನ ಮಾಡುವವರಿಗೆ, ದೊಡ್ಡ ತಂತ್ರಾಂಶಗಳನ್ನು ಕಟ್ಟುವವರಿಗೆ, ಆಟವನ್ನು ಆಡುತ್ತಲೇ ಪ್ರೊಸೆಸರಿನ ಮೂಲಕ ಚಿತ್ರೀಕರಿಸಿ ಪ್ರಸಾರ ಮಾಡುವವರಿಗೆ. ಹುಡುಗನಿಗೆ ಪ್ರಸಾರದ ಆಸೆಯೂ ಇದೆಯಂತೆ. ಆದರೆ ಆ ಕೆಲಸವನ್ನು ಈಗಿನ ಗ್ರಾಫಿಕ್ಸ್ ಕಾರ್ಡುಗಳಲ್ಲಿರುವ ಪ್ರತ್ಯೇಕ ಘಟಕವೇ ಮಾಡುತ್ತದೆ ಎಂದು ಅವನೇ ನನಗೆ ತಿಳಿಸಿದ.